ಒಣಸೀಮೆಯ ಪರದೆಗೆ ಬೂಷ್ಟು ಬಂದದ್ದೆಲ್ಲಿಂದ?

ಬೂಷ್ಟು ಏನಿದ್ದರೂ ಮಲೆನಾಡಿನವರ ಪಾಡು ಎಂದು ಹೊಸದುರ್ಗದ ಕಡೆಯವರು ನಂಬಿಕೊಂಡಿದ್ದ ಕಾಲವೊಂದಿತ್ತು. ಅದಕ್ಕೆ ಕಾರಣವೂ ಇತ್ತು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಅಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ, ಹಾಸಿಗೆ ಯಾವುದನ್ನೂ ಬೂಷ್ಟು ಬಿಡುವುದಿಲ್ಲ. ಹೊಸದುರ್ಗ ಇರುವ ಚಿತ್ರದುರ್ಗ ಜಿಲ್ಲೆಗೆ ಬೀಳುವ ಮಳೆ ಅದರ ಹತ್ತನೇ ಒಂದು ಪಾಲೂ ಇಲ್ಲ. ಹಾಗಿದ್ದೂ ಶ್ರೀರಾಂಪುರದಂಥ ಊರಿನ ಹೊಸ ಆರ್‌ಸಿಸಿ ಮನೆಯಲ್ಲಿ ದೀಪಾವಳಿಗೆ ಧೂಳು ಹೊಡೆಯಲೆಂದು ಕಿಟಕಿಯ ಪರದೆ ಎತ್ತಿ ನೋಡಿದರೆ ಹಿಂಬದಿಯಲ್ಲಿ, ಅದರಲ್ಲೂ ಕೆಳ ಅಂಚಿನಲ್ಲಿ, ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ ಕಾಣುವುದುಂಟು. ಮೂಗು ಹತ್ತಿರ ಒಯ್ದರೆ ಮುಗ್ಗಲು ವಾಸನೆ. ಒಗೆದು ಹಾಕಿದರೆ ಒಂದೆರಡು ತಿಂಗಳು ಸುಮ್ಮನಿದ್ದು ಅದೇ ಜಾಗದಲ್ಲಿ ಮತ್ತೆ ಹುಟ್ಟುತ್ತದೆ.

ಈ ಸೀಮೆಯ ಮಳೆಯ ಲೆಕ್ಕವೇ ಬೇರೆ. ಜೂನ್, ಜುಲೈಯಲ್ಲಿ ಇಲ್ಲಿ ಮೋಡಕ್ಕಿಂತ ಗಾಳಿಯದೇ ಕಾರುಬಾರು. ಜಿಲ್ಲೆಯ ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳೇ ಅದಕ್ಕೆ ಸಾಕ್ಷಿ. ಆಷಾಢದ ಆ ಗಾಳಿಗೆ ಒದ್ದೆ ಬಟ್ಟೆ ಗಳಿಗೆಯಲ್ಲಿ ಒಣಗುತ್ತದೆ. ನಿಜವಾದ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಉತ್ತರೆ, ಹಸ್ತ, ಚಿತ್ತೆಯ ಲೆಕ್ಕದಲ್ಲಿ. ಆ ಹೊತ್ತಿಗೆ ಗಾಳಿ ತಗ್ಗಿರುತ್ತದೆ, ಬಿಸಿಲು ಸೊರಗಿರುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದರೆ ನವೆಂಬರ್‌ನಲ್ಲೂ ಮೂರು ನಾಲ್ಕು ದಿನ ಜಡಿಮಳೆ ಬಿಡುವುದಿಲ್ಲ. 2021ರ ನವೆಂಬರ್ ಮಳೆ ರಾಗಿಯನ್ನು ತೆನೆಯಲ್ಲೇ ಮೊಳಕೆ ಬರಿಸಿದ್ದನ್ನು ಬಯಲುಸೀಮೆಯ ರೈತರು ಮರೆತಿಲ್ಲ. ಮರುವರ್ಷ, 2022ರ ಸೆಪ್ಟೆಂಬರ್‌ನಲ್ಲಿ, ವೇದಾವತಿ ನದಿಯ ವಾಣಿವಿಲಾಸ ಸಾಗರ ಜಲಾಶಯ 1933ರ ಬಳಿಕ ಮೊದಲ ಸಲ ಕೋಡಿ ಬಿದ್ದಿತು. 2025ರ ಜನವರಿಯಲ್ಲಿ ಮತ್ತೊಮ್ಮೆ ಬಿದ್ದಿತು. ವೇದಾವತಿಯ ನೀರು ಏರಿದ್ದಕ್ಕೆ ಊರೂರು ಸಂಭ್ರಮಿಸಿತು. ಅದೇ ಮಳೆಯ ತೇವ ಮನೆಯ ಗೋಡೆಗೂ ಏರಿದ್ದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಬೂಷ್ಟು ಒಂದು ಶಿಲೀಂಧ್ರ. ಅದರ ಬೀಜಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಹೊಲ, ತಿಪ್ಪೆ, ಮರ, ಮಣ್ಣು ಎಲ್ಲ ಕಡೆಯಿಂದ ಹಾರಿ ಬಂದು ಪ್ರತಿಯೊಂದು ಮನೆಯಲ್ಲೂ ಸದಾ ತೇಲುತ್ತಿರುತ್ತವೆ. ಕ್ಲಾಡೋಸ್ಪೋರಿಯಂ, ಆಸ್ಪರ್ಜಿಲಸ್, ಪೆನಿಸಿಲಿಯಂ, ಆಲ್ಟರ್ನೇರಿಯ ಎಂಬ ಕುಲದವು ಬಟ್ಟೆಯ ಮೇಲೆ ಹೆಚ್ಚು. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರ ಗಾಜಿನ ತಟ್ಟೆಯ ಮೇಲೆ ಬಂದು ಕೂತದ್ದೂ ಹೀಗೆ ತೇಲುತ್ತಿದ್ದ ಪೆನಿಸಿಲಿಯಂ ಕಣವೇ. ಈ ಕಣಗಳನ್ನು ಮನೆಯಿಂದ ಪೂರ್ತಿ ಓಡಿಸಲು ಯಾರಿಂದಲೂ ಆಗದು. ಅವು ಮೊಳೆಯಲು ಮೂರು ಬೇಕು: ಹದವಾದ ಬಿಸುಪು, ತಿನ್ನಲು ಏನಾದರೊಂದು, ಜೊತೆಗೆ ನೀರು. ಬಿಸುಪು ನಮ್ಮ ಹವೆಯಲ್ಲಿ ವರ್ಷಪೂರ್ತಿ ಇದೆ. ತಿಂಡಿ ಬಟ್ಟೆಯಲ್ಲೇ ಇದೆ. ಇನ್ನು ನಮ್ಮ ಕೈಯಲ್ಲಿ ಉಳಿಯುವುದು ನೀರೊಂದೇ. ಒದ್ದೆಯಾದ ಬಟ್ಟೆ ಒಂದೆರಡು ದಿನ ಒಣಗದೆ ಉಳಿದರೆ ಬೂಷ್ಟಿಗೆ ಅಷ್ಟು ಸಾಕು.

ಇದು ಶ್ರೀರಾಂಪುರದ ಕಡೆಯ ತೆಂಗಿನ ತೋಟದವರಿಗೆ ಹೊಸ ಸಂಗತಿಯಲ್ಲ. ಉಂಡೆ ಕೊಬ್ಬರಿ ಮಾಡುವವರು ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಅಟ್ಟದ ನೆಲಕ್ಕೆ ಬಿದಿರನ್ನೋ ಅಡಿಕೆ ದಬ್ಬೆಯನ್ನೋ ಸಂದು ಬಿಟ್ಟು ಹಾಸುವುದು ಕೆಳಗಿನಿಂದ ಗಾಳಿಯಾಡಲೆಂದು. ಸೂರು ಸೋರದಂತೆ ಮಳೆಗಾಲಕ್ಕೆ ಮೊದಲೇ ನೋಡಿಕೊಳ್ಳುತ್ತಾರೆ. ಕಾಯಿಯನ್ನು ಗೋಡೆಗೆ ಒತ್ತಿ ಪೇರಿಸುವುದಿಲ್ಲ. ಹಸಿ ಇದ್ದಾಗ ಒಡೆದು ಚೀಲಕ್ಕೆ ತುಂಬಿದರೆ ಗಿಟುಕು ಕಪ್ಪಾಗಿ ಮಂಡಿಯಲ್ಲಿ ರೇಟು ಬೀಳುತ್ತದೆಂದು ಮನೆಯ ಹುಡುಗರಿಗೂ ಗೊತ್ತು. ಅಟ್ಟದ ಮೇಲಿನ ಕೊಬ್ಬರಿಗೆ ಇಷ್ಟು ಮುತುವರ್ಜಿ ವಹಿಸುವ ಮನೆಯಲ್ಲೇ ಹಾಲಿನ ಕಿಟಕಿಗೆ ದಪ್ಪ ಪರದೆ ಎಳೆದು, ಗೋಡೆಗೆ ಅಂಟಿಸಿ, ತಿಂಗಳುಗಟ್ಟಲೆ ಸರಿಸದೆ ಬಿಡುತ್ತಾರೆ. ಕೊಬ್ಬರಿಗೆ ಹೇಳಿದ ಮಾತೆಲ್ಲ ಪರದೆಗೂ ಹೊಂದುತ್ತದೆ ಎಂಬುದೇ ಈ ಬರಹದ ತಿರುಳು.

ಹಳೆಯ ಮನೆ, ಹೊಸ ಮನೆ

ಹಿಂದಿನ ಮಾಳಿಗೆ ಮನೆಗೆ ಕಿಟಕಿ ಸಣ್ಣದು, ಪರದೆ ಇರಲೇ ಇಲ್ಲ. ಮೇಲೆ ಗವಾಕ್ಷಿ ಇರುತ್ತಿತ್ತು. ಒಲೆಯ ಬಿಸಿಗೆ ಒಳಗಿನ ಗಾಳಿ ಹೊಗೆ ಸಮೇತ ಮೇಲೇರಿ ಅಲ್ಲಿಂದ ಹೊರಬೀಳುತ್ತಿತ್ತು. ಬಾಗಿಲಿಂದ ಹೊಸ ಗಾಳಿ ಬರುತ್ತಿತ್ತು. ಮಣ್ಣಿನ ಗೋಡೆ ತೇವವನ್ನು ಹೀರಿ ಬಿಸಿಲಿಗೆ ಬಿಟ್ಟುಕೊಡುತ್ತಿತ್ತು. ಮಾರ್ನಮಿ, ಯುಗಾದಿ ಬಂತೆಂದರೆ ಗೋಡೆಗೆ ಸುಣ್ಣ ಬೀಳುತ್ತಿತ್ತು. ಹೊಸ ಸುಣ್ಣ ಬಲು ತೀಕ್ಷ್ಣವಾದ ಕ್ಷಾರ. ಅದರ ಪಿಎಚ್ 12 ಮೀರುತ್ತದೆ. ಅಷ್ಟು ಕ್ಷಾರದಲ್ಲಿ ಬೂಷ್ಟು ಬದುಕಲಾರದು. ಆದರೆ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತ ಕ್ರಮೇಣ ಸುಣ್ಣಕಲ್ಲಾಗಿ ಬಿಡುತ್ತದೆ, ಖಾರ ಕಳೆದುಕೊಳ್ಳುತ್ತದೆ. ವರ್ಷ ವರ್ಷ ಬಳಿಯುವ ವಾಡಿಕೆಯಿಂದ ಮನೆ ಬೆಳ್ಳಗಾಗುವುದರ ಜೊತೆಗೆ ಈ ಕಾವಲೂ ಹೊಸದಾಗುತ್ತಿತ್ತು.

ಈಗಿನ ಮನೆಯಲ್ಲಿ ಗವಾಕ್ಷಿ ಮುಚ್ಚಿದೆ, ಸುಣ್ಣದ ಜಾಗಕ್ಕೆ ಪ್ಲಾಸ್ಟಿಕ್ ಪೇಂಟು ಬಂದಿದೆ, ಸ್ಲೈಡಿಂಗ್ ಕಿಟಕಿಯ ಅರ್ಧ ಭಾಗ ಯಾವತ್ತೂ ತೆರೆಯುವುದಿಲ್ಲ. ಆದರೆ ಒಳಗೆ ಹುಟ್ಟುವ ನೀರು ಕಡಿಮೆಯಾಗಿಲ್ಲ. ಗ್ಯಾಸ್ ಉರಿದಾಗ ನೀರಿನ ಆವಿ ಬರುತ್ತದೆ. ಒಂದು ಕಿಲೋ ಅಡುಗೆ ಅನಿಲ ಉರಿದರೆ ಒಂದೂವರೆ ಕಿಲೋಗೂ ಮಿಕ್ಕಿ ನೀರಾಗುತ್ತದೆ. ಅಂದರೆ 14.2 ಕಿಲೋದ ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ ಅಡುಗೆಮನೆಯ ಗಾಳಿಗೆ ಸುಮಾರು 22 ಲೀಟರ್ ನೀರು ಸೇರಿರುತ್ತದೆ. ಅನ್ನ, ಸಾರು ಕುದಿದ ಆವಿ ಇದರ ಮೇಲೆ. ಒಬ್ಬೊಬ್ಬರ ಉಸಿರು, ಬೆವರಿನಿಂದ ದಿನಕ್ಕೆ ಸುಮಾರು ಒಂದು ಲೀಟರ್. ಮಳೆ ಎಂದು ಬಟ್ಟೆಯನ್ನು ನಡುಮನೆಯಲ್ಲೇ ಹರವಿದರೆ ಅದರ ನೀರೂ ಅಲ್ಲೇ ಉಳಿಯಿತು.

ಈ ಆವಿ ತಣ್ಣನೆಯ ಜಾಗ ಹುಡುಕಿ ಕೂರುತ್ತದೆ. ಮಳೆಗಾಲದ ರಾತ್ರಿ ಕೋಣೆಯಲ್ಲಿ 25 ಡಿಗ್ರಿ ಬಿಸುಪು, ಶೇ 80ರಷ್ಟು ತೇವಾಂಶ ಇದ್ದರೆ, ಅದೇ ಗಾಳಿ 21 ಡಿಗ್ರಿಗೆ ಇಳಿದ ಕಡೆ ಹನಿಗಟ್ಟುತ್ತದೆ. ಕಿಟಕಿಯ ಗಾಜು, ಅಲ್ಯೂಮಿನಿಯಂ ಚೌಕಟ್ಟು, ಹೊರಗೋಡೆಯ ಮೂಲೆ ಇವು ಮೊದಲು ತಣ್ಣಗಾಗುತ್ತವೆ. ಪರದೆ ಇಳಿಬಿಟ್ಟಿದ್ದರೆ ಕೋಣೆಯ ಬಿಸಿ ಗಾಜನ್ನು ತಲುಪದೆ ಗಾಜು ಇನ್ನಷ್ಟು ತಣಿಯುತ್ತದೆ. ಗಾಜಿಗೂ ಬಟ್ಟೆಗೂ ನಡುವೆ ಗಾಳಿಯಾಡುವುದಿಲ್ಲ. ಪರದೆಯ ಮುಂಬದಿ ಚೊಕ್ಕಟವಾಗಿದ್ದು ಹಿಂಬದಿ ಮಾತ್ರ ಕಪ್ಪಾಗುವುದು ಇದೇ ಕಾರಣಕ್ಕೆ.

ತಿಂಡಿಯ ವಿಚಾರಕ್ಕೆ ಬಂದರೆ, ಹತ್ತಿ ಎಂದರೆ ಬಹುಪಾಲು ಸೆಲ್ಯುಲೋಸ್. ಎರಡನೇ ಮಹಾಯುದ್ಧದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಬೀಡುಬಿಟ್ಟಿದ್ದ ಅಮೆರಿಕನ್ ಸೈನ್ಯದ ಹತ್ತಿಯ ಡೇರೆ, ಉಡುಪುಗಳು ಕಂಡಕಂಡಲ್ಲಿ ಲಡ್ಡಾಗತೊಡಗಿದವು. ಕಾರಣ ಹುಡುಕಿದ ವಿಜ್ಞಾನಿಗಳಿಗೆ ಸಿಕ್ಕಿದ್ದು ಒಂದು ಬೂಷ್ಟು. ಸೆಲ್ಯುಲೋಸನ್ನು ಕತ್ತರಿಸಿ ಸಕ್ಕರೆ ಮಾಡಿ ತಿನ್ನುವ ಕಿಣ್ವ ಅದರಲ್ಲಿತ್ತು. ಅದರ ಮೇಲೆ ದುಡಿದ ಎಲ್ವಿನ್ ರೀಸ್ ಅವರ ಹೆಸರಿನಿಂದ ಅದನ್ನು ಟ್ರೈಕೋಡರ್ಮ ರೀಸೈ ಎಂದು ಕರೆದರು. ಅದೇ ಕಿಣ್ವವನ್ನು ಇಂದು ಜೀನ್ಸ್ ಬಟ್ಟೆ ಮೆದುವಾಗಿಸಲು, ಬಣ್ಣ ಮಾಸಿದಂತೆ ಕಾಣಿಸಲು ಕಾರ್ಖಾನೆಗಳು ಬಳಸುತ್ತವೆ. ಬೂಷ್ಟು ಹಿಡಿದ ಹಳೆಯ ಹತ್ತಿ ಪರದೆಯನ್ನು ಎರಡು ಕೈಯಲ್ಲಿ ಹಿಡಿದು ಎಳೆದಾಗ ಪರ್ರನೆ ಹರಿದರೆ ನೂಲನ್ನೇ ಅದು ತಿಂದುಹಾಕಿದೆ ಎಂದರ್ಥ. ಆಮೇಲೆ ಎಷ್ಟು ಒಗೆದರೂ ಬಟ್ಟೆಗೆ ಕಸುವು ಬಾರದು. ಪಾಲಿಯೆಸ್ಟರ್ ನೂಲನ್ನು ಬೂಷ್ಟು ಹಾಗೆ ತಿನ್ನುವುದಿಲ್ಲ. ಅದರ ಮೇಲೆ ಕೂತ ಧೂಳು, ಒಗ್ಗರಣೆಯ ಜಿಡ್ಡು, ತೊಳೆದಾಗ ಬಿಡದೆ ಉಳಿದ ಸೋಪು ಇವೇ ಅದಕ್ಕೆ ಊಟ. ನಮ್ಮ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ನೊರೆ ಬಾರದೆ ಬಟ್ಟೆಗೆ ಅಂಟಿಕೊಳ್ಳುವುದು ಹೆಚ್ಚು. ಒಗೆಯುವ ನೀರಿಗೆ ಒಂದು ಹಿಡಿ ವಾಷಿಂಗ್ ಸೋಡಾ ಹಾಕಿದರೆ ಗಡಸುತನ ತಗ್ಗುತ್ತದೆ.

ಒಗೆಯುವ ಮೊದಲು ನೀರಿನ ಮೂಲ ಹುಡುಕಿ

ಪರದೆಯನ್ನು ಬಕೆಟ್ಟಿಗೆ ಹಾಕುವ ಮುನ್ನ ಕಿಟಕಿಯ ಸುತ್ತ ಒಮ್ಮೆ ಕಣ್ಣಾಡಿಸಿ. ಚುಕ್ಕೆ ಮೇಲ್ಭಾಗದಲ್ಲಿದ್ದರೆ ಸಜ್ಜಾದ ಮೇಲೆ ನೀರು ನಿಂತು ಗೋಡೆಗೆ ಇಳಿಯುತ್ತಿರಬಹುದು. ಸಜ್ಜಾ ಹೊರಕ್ಕೆ ಇಳಿಜಾರಾಗಿದೆಯೇ, ಅದಕ್ಕೂ ಗೋಡೆಗೂ ಕೂಡುವ ಕಡೆ ಬಿರುಕಿದೆಯೇ ನೋಡಿ. ಸಜ್ಜಾದ ಅಡಿಯಲ್ಲಿ ಅಂಚಿಗೆ ಒಂದು ಸಣ್ಣ ತೋಡು ಬಿಡಿಸಿದ್ದರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಇಲ್ಲದಿದ್ದರೆ ಅಡಿಯನ್ನು ನೆಕ್ಕಿಕೊಂಡು ಗೋಡೆಗೆ ಬರುತ್ತದೆ. ಚುಕ್ಕೆ ಕೆಳ ಅಂಚಿನಲ್ಲಿದ್ದರೆ ಸ್ಲೈಡಿಂಗ್ ಕಿಟಕಿಯ ಕೆಳಗಿನ ಪಟ್ಟಿ ನೋಡಿ. ನೀರು ಹೊರಗೆ ಹೋಗಲೆಂದು ಅದರಲ್ಲಿ ಸಣ್ಣ ತೂತುಗಳಿರುತ್ತವೆ. ಮಣ್ಣು, ಸತ್ತ ಹುಳು ಕಟ್ಟಿಕೊಂಡರೆ ಮಳೆನೀರು ಒಳಕ್ಕೇ ಉಕ್ಕುತ್ತದೆ. ಒಂದು ಕಡ್ಡಿಯಿಂದ ಮುಗಿಯುವ ಕೆಲಸ. ನೆಲದ ಹತ್ತಿರ ಗೋಡೆಯ ಬಣ್ಣ ಉದುರಿ ಬಿಳಿ ಉಪ್ಪು ಹುಡಿಹುಡಿಯಾಗಿ ಬಂದಿದ್ದರೆ ಅಡಿಪಾಯದಿಂದ ಥಂಡಿ ಏರುತ್ತಿದೆ. ಅದಕ್ಕೆ ಗಾರೆಯವರನ್ನೇ ಕರೆಯಬೇಕು.

ಸಂಶಯ ಉಳಿದರೆ ಒಂದು ಪರೀಕ್ಷೆ ಇದೆ. ಗೋಡೆಗೆ ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪು ಹಚ್ಚಿ ಅಂಟಿಸಿ ಒಂದೆರಡು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ ನೀರು ಕೂತರೆ ಗೋಡೆ ಒದ್ದೆ; ಹೊರಬದಿಯಲ್ಲಿ ಕೂತರೆ ಕೋಣೆಯ ಗಾಳಿಯಲ್ಲಿ ತೇವ ಹೆಚ್ಚು. ಮೊದಲನೆಯದಕ್ಕೆ ರಿಪೇರಿ ಬೇಕು, ಎರಡನೆಯದಕ್ಕೆ ಗಾಳಿ ಬೇಕು. ಈ ಎರಡನ್ನು ಅದಲುಬದಲು ಮಾಡಿಕೊಂಡವರು ದುಡ್ಡು ಖರ್ಚು ಮಾಡಿಯೂ ಬೂಷ್ಟು ಉಳಿಸಿಕೊಳ್ಳುತ್ತಾರೆ.

ಒಗೆಯುವ ಬಗೆ

ಬೂಷ್ಟು ಹಿಡಿದ ಪರದೆಯನ್ನು ಮನೆಯೊಳಗೆ ಕೊಡವಬೇಡಿ. ಲಕ್ಷಗಟ್ಟಲೆ ಬೀಜಕಣ ಹಾಸಿಗೆ, ಸೋಫಾ ಮೇಲೆ ಕೂರುತ್ತವೆ. ಮೂಗುಬಾಯಿಗೆ ಮಾಸ್ಕ್ ಹಾಕಿಕೊಂಡು, ಕಿಟಕಿ ತೆಗೆದು, ಚುಕ್ಕೆಯಿರುವ ಬದಿ ಒಳಗಾಗುವಂತೆ ಸುತ್ತಿ ಹೊರಗೆ ಒಯ್ಯಿರಿ. ಅಂಗಳದಲ್ಲಿ ಬಿಸಿಲಿಗೆ ಹರವಿ, ಒಣಗಿದ ಮೇಲೆ ಮೆತ್ತನೆಯ ಬ್ರಷ್‌ನಿಂದ ಗುಡಿಸಿ. ಕೊಕ್ಕೆ, ರಿಂಗು ಬಿಚ್ಚಬಹುದಾದರೆ ಬಿಚ್ಚಿ. ತುಕ್ಕಿನ ಕಲೆ ಬೂಷ್ಟಿನ ಕಲೆಗಿಂತ ಹಟಮಾರಿ.

ಗಟ್ಟಿ ಬಣ್ಣದ ಹತ್ತಿ ಪರದೆಗೆ ಬಿಸಿನೀರೇ ಮೊದಲ ಮದ್ದು. 60 ಡಿಗ್ರಿಯ ನೀರಿನಲ್ಲಿ ಸೋಪಿನ ಪುಡಿ ಹಾಕಿ ನೆನೆಸಿದರೆ ಬಹುತೇಕ ಬೂಷ್ಟು ಸಾಯುತ್ತದೆ. ತೆಂಗಿನ ಮಟ್ಟೆ, ಸೋಗೆ ಉರಿಸಿ ಹಂಡೆ ಕಾಯಿಸುವ ಮನೆಯಲ್ಲಿ ಇದಕ್ಕೆ ಬೇರೆ ಖರ್ಚಿಲ್ಲ. ಮಡಿವಾಳರು ಬಟ್ಟೆಯನ್ನು ಸೋಡಾ ನೀರಲ್ಲಿ ಅದ್ದಿ ಉಬ್ಬೆಗೆ ಹಾಕುತ್ತಿದ್ದದ್ದು ಇದೇ ತತ್ವದ ಮೇಲೆ: ಕ್ಷಾರ ಮತ್ತು ಹಬೆ ಕೂಡಿ ಕೊಳೆಯನ್ನೂ ಕ್ರಿಮಿಯನ್ನೂ ತೆಗೆಯುತ್ತಿದ್ದವು. ಪಾಲಿಯೆಸ್ಟರ್‌ಗೆ ಉಗುರು ಬೆಚ್ಚಗಿಂತ ತುಸು ಹೆಚ್ಚು, 40 ಡಿಗ್ರಿ, ಸಾಕು. ಅದಕ್ಕಿಂತ ಬಿಸಿಯಾದರೆ ಸುಕ್ಕು ಬಿದ್ದು ಹಾಗೇ ನಿಲ್ಲುತ್ತದೆ. ಮುಗ್ಗಲು ವಾಸನೆ ಬಿಡದಿದ್ದರೆ ನಾಲ್ಕು ಪಾಲು ನೀರಿಗೆ ಒಂದು ಪಾಲು ಅಡುಗೆಯ ವಿನಿಗರ್ ಬೆರೆಸಿ ಒಂದು ಗಂಟೆ ನೆನೆಸಿ, ಚೆನ್ನಾಗಿ ಜಾಲಿಸಿ.

ಬೂಷ್ಟು ಸತ್ತರೂ ಕಪ್ಪು ಕಲೆ ಉಳಿಯಬಹುದು. ಅದು ಮೆಲನಿನ್, ನಮ್ಮ ಕೂದಲಿಗೆ ಕಪ್ಪು ಕೊಡುವ ಬಣ್ಣದ ಬಳಗಕ್ಕೇ ಸೇರಿದ್ದು. ಕಲೆಯನ್ನು ಕಂಡು ಬೂಷ್ಟು ಇನ್ನೂ ಇದೆಯೆಂದು ತಿಕ್ಕಿ ತಿಕ್ಕಿ ಬಟ್ಟೆ ಹರಿದುಕೊಳ್ಳಬೇಕಿಲ್ಲ. ಬಣ್ಣದ ಪರದೆಗೆ ಸೋಡಿಯಂ ಪರ್ಕಾರ್ಬೊನೇಟ್ ಇರುವ ಕಲೆ ತೆಗೆಯುವ ಪುಡಿ ಕೊಳ್ಳಿ. ಬೆಚ್ಚನೆಯ ನೀರಿನಲ್ಲಿ ಅದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಒಡೆದು ಕಲೆಯನ್ನು ನಿಧಾನ ತಿಳಿಮಾಡುತ್ತದೆ. ಮೊದಲು ಮೂಲೆಯೊಂದರಲ್ಲಿ ಹಚ್ಚಿ ಬಣ್ಣ ಬಿಡುವುದೇ ಎಂದು ನೋಡಿ. ಬಿಳಿ ಹತ್ತಿಗೆ ಮಾತ್ರ ಬ್ಲೀಚ್: 15 ಲೀಟರ್ ಬಕೆಟ್ ನೀರಿಗೆ ಒಂದು ಟೀ ಲೋಟ, ಹತ್ತು ನಿಮಿಷ, ಆಮೇಲೆ ಎರಡು ಮೂರು ಸಲ ಜಾಲಿಸುವುದು. ಹಳೆಯ ಮೊಳಕಾಲ್ಮೂರು ರೇಷ್ಮೆ ಸೀರೆಯನ್ನು ಪರದೆ ಮಾಡಿಸಿಕೊಂಡವರು ಬ್ಲೀಚಿನ ಬಾಟಲಿ ಹತ್ತಿರವೂ ತರಬಾರದು. ರೇಷ್ಮೆ, ಉಣ್ಣೆ ಎರಡೂ ಅದರಲ್ಲಿ ಕರಗುತ್ತವೆ.

ಒಂದು ಎಚ್ಚರಿಕೆ ಎಲ್ಲಕ್ಕಿಂತ ದೊಡ್ಡದು. ಬ್ಲೀಚನ್ನಾಗಲಿ ಬ್ಲೀಚಿಂಗ್ ಪುಡಿಯನ್ನಾಗಲಿ ಕಕ್ಕಸು ತೊಳೆಯುವ ಆ್ಯಸಿಡ್, ವಿನಿಗರ್, ನಿಂಬೆರಸದ ಜೊತೆ ಎಂದೂ ಬೆರೆಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ ಎಂಬಲ್ಲಿ ಜರ್ಮನ್ ಸೇನೆ ಶತ್ರು ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲ. ಬಾಗಿಲು ಹಾಕಿದ ಬಚ್ಚಲಿನಲ್ಲಿ ಎರಡನ್ನೂ ಸುರಿದುಕೊಂಡು ಕೆಮ್ಮುತ್ತ ಆಸ್ಪತ್ರೆ ಸೇರುವವರು ಈಗಲೂ ಇದ್ದಾರೆ. ಇಂದು ವಿನಿಗರ್ ಹಾಕಿದ ಬಟ್ಟೆಗೆ ನಾಳೆ ಬ್ಲೀಚ್ ಹಾಕುವುದಿದ್ದರೆ ನಡುವೆ ಪೂರ್ತಿ ಜಾಲಿಸಿರಬೇಕು.

ಒಣಗಿಸುವುದು ಒಗೆಯುವಷ್ಟೇ ಮುಖ್ಯ. ಪರದೆಯ ಮೈ ಒಣಗಿದ್ದರೂ ನಾಲ್ಕು ಮಡಿಕೆಯ ಕೆಳ ಅಂಚು, ಮೇಲಿನ ನೆರಿಗೆ ಪಟ್ಟಿ ಒಳಗೆ ಹಸಿ ಇರುತ್ತವೆ. ಅಲ್ಲಿ ಬೆರಳಿಂದ ಒತ್ತಿ ನೋಡಿ. ಮಾರ್ನಮಿಗೆ ಮನೆಯ ಬಟ್ಟೆಬರೆಯನ್ನೆಲ್ಲ ಒಗೆಯುವ ವಾಡಿಕೆಯ ಮನೆಗಳು ಈ ಸೀಮೆಯಲ್ಲಿ ಇನ್ನೂ ಇವೆ. ಆ ಹಬ್ಬ ಬೀಳುವುದು ಹಸ್ತ, ಚಿತ್ತೆಯ ಆಸುಪಾಸಿನಲ್ಲಿ. ಬಿಸಿಲು ಗಟ್ಟಿ ಇಲ್ಲದಿದ್ದರೆ ದಪ್ಪ ಪರದೆಯನ್ನು ಆಗ ಮುಟ್ಟದೆ ಕಾರ್ತಿಕದ ಬಿಸಿಲಿಗೆ ಉಳಿಸಿಕೊಳ್ಳುವುದೇ ಮೇಲು.

ಹೆದರಿಕೆ ಎಷ್ಟು ಬೇಕು?

2021ರಲ್ಲಿ ಕೋವಿಡ್ ಎರಡನೇ ಅಲೆಯ ಜೊತೆ ಬಂದ ಕಪ್ಪು ಶಿಲೀಂಧ್ರದ ನೆನಪಿನಿಂದ ಗೋಡೆಯ ಕಪ್ಪು ಚುಕ್ಕೆ ಕಂಡೊಡನೆ ಬೆಚ್ಚುವವರಿದ್ದಾರೆ. ಮ್ಯೂಕರ್‌ಮೈಕೋಸಿಸ್ ತರುವ ಶಿಲೀಂಧ್ರ ಬೇರೆ ಗುಂಪಿನದು; ಅದು ಕಪ್ಪೂ ಅಲ್ಲ, ಸತ್ತ ಅಂಗಾಂಶ ಕಪ್ಪಗಾಗುವುದರಿಂದ ಆ ಹೆಸರು ಬಂತು. ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆ, ಸ್ಟಿರಾಯ್ಡ್ ಬಳಕೆ ಅದಕ್ಕೆ ದಾರಿ ಮಾಡಿದ್ದವು. ಹಾಗೆಂದು ಪರದೆಯ ಬೂಷ್ಟನ್ನು ಉಡಾಫೆ ಮಾಡುವಂತೆಯೂ ಇಲ್ಲ. ಉಬ್ಬಸ, ಅಲರ್ಜಿ ಇರುವವರಿಗೆ, ಎಳೆಮಕ್ಕಳಿಗೆ, ವಯಸ್ಸಾದವರಿಗೆ ಅದು ಕೆಮ್ಮು, ಸೀನು, ಮೂಗು ಕಟ್ಟುವುದನ್ನು ಹೆಚ್ಚಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಮೇಲೆ ಮಾರ್ಗಸೂಚಿ ತಂದಾಗ ಇಷ್ಟು ಬೂಷ್ಟು ಇದ್ದರೆ ಅಪಾಯವಿಲ್ಲ ಎಂಬ ಅಂಕಿಯನ್ನು ಕೊಡಲಿಲ್ಲ. ತೇವವನ್ನೇ ನಿಲ್ಲಿಸಿ ಎಂದಿತು. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 2020ರಲ್ಲಿ ಎರಡು ವರ್ಷದ ಮಗುವೊಂದು ಬೂಷ್ಟು ತುಂಬಿದ ಬಾಡಿಗೆ ಮನೆಯಲ್ಲಿ ಉಸಿರಾಟದ ತೊಂದರೆಯಿಂದ ಸತ್ತಿತು. ಆ ಬಳಿಕ, 2023ರಲ್ಲಿ, ದೂರು ಬಂದ ಮನೆಯ ಬೂಷ್ಟನ್ನು ಗೊತ್ತಾದ ಗಡುವಿನೊಳಗೆ ಸರಿಪಡಿಸಲೇಬೇಕೆಂಬ ಕಟ್ಟಳೆಯನ್ನು ಸರ್ಕಾರಿ ನೆರವಿನ ಮನೆಗಳ ಮಾಲೀಕರಿಗೆ ಅಲ್ಲಿ ಕಾಯ್ದೆಯಾಗಿ ವಿಧಿಸಲಾಯಿತು.

ಬೂಷ್ಟು ತಡೆಯಲೆಂದು ನುಸಿಗುಳಿಗೆ, ಬೇವಿನ ಸೊಪ್ಪು ಸಿಕ್ಕಿಸುವುದುಂಟು. ಅವು ಹುಳಕ್ಕೆ, ತೇವಕ್ಕಲ್ಲ. ಧೂಪ ಹಾಕಿದರೆ ವಾಸನೆ ಮರೆಯಾಗುತ್ತದೆ, ಬೂಷ್ಟು ಮರೆಯಾಗುವುದಿಲ್ಲ. ಪರದೆಯನ್ನು ಗೋಡೆಯಿಂದ ನಾಲ್ಕು ಬೆರಳು ದೂರ ತೂಗುವಂತೆ ರಾಡ್ ಹಾಕಿಸಿ. ಕೆಳ ಅಂಚು ನೆಲಕ್ಕೂ ಕಿಟಕಿಯ ಕಟ್ಟೆಗೂ ತಾಗದಿರಲಿ. ಬೆಳಗ್ಗೆ ಎದ್ದೊಡನೆ ಪೂರ್ತಿ ಸರಿಸಿ. ಕಿಟಕಿ ತೆರೆಯಲು ಹೊತ್ತು ನೋಡಬೇಕು: ಜಡಿಮಳೆಯಲ್ಲಿ ತೆರೆದರೆ ಒದ್ದೆ ಗಾಳಿ ಒಳಕ್ಕೇ ಬರುತ್ತದೆ, ಮಳೆ ಹೊಳವಾಗಿ ಬಿಸಿಲು ಬಿದ್ದಾಗ ಎದುರುಬದುರು ಕಿಟಕಿ ತೆರೆದು, ಫ್ಯಾನ್ ಹಾಕಿ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಒಗ್ಗರಣೆಗೆ ಮಾತ್ರ ಮೀಸಲಾಗದೆ ಅನ್ನ ಬೇಯುವಾಗಲೂ ತಿರುಗಲಿ. ಹೊಸದಾಗಿ ಮನೆ ಕಟ್ಟಿದವರ ಗಾರೆ, ಪ್ಲಾಸ್ಟರ್ ಒಳಗೆ ಇನ್ನೂ ನೀರಿರುತ್ತದೆ. ಗೃಹಪ್ರವೇಶದ ದಿನವೇ ದಪ್ಪ ಪರದೆ ಇಳಿಬಿಡದೆ ಮೊದಲ ವರ್ಷ ತೆಳು ಹತ್ತಿಯಲ್ಲಿ ಕಳೆಯಿರಿ.

ಹೊಸ ಪರದೆ ಕೊಳ್ಳಲು ಹೊಸದುರ್ಗದ ಅಂಗಡಿಗೆ ಹೊರಡುವ ಮುನ್ನ ಒಂದು ಲೆಕ್ಕ ಹಾಕಿ. ಸಜ್ಜಾದ ಬಿರುಕಿಗೆ ಬೇಕಾದದ್ದು ಅರ್ಧ ಚೀಲ ಸಿಮೆಂಟು, ಗಾರೆಯವರ ಒಂದು ದಿನದ ಕೂಲಿ. ಅದನ್ನು ಉತ್ತರೆ ಮಳೆಗೆ ಮೊದಲೇ ಮುಗಿಸಿದರೆ ಹಳೆಯ ಪರದೆಯೇ ಇನ್ನೂ ಹಲವು ವರ್ಷ ಬಾಳುತ್ತದೆ. ಅದನ್ನು ಬಿಟ್ಟು ಬಟ್ಟೆ ಬದಲಿಸುತ್ತ ಹೋದರೆ ಪ್ರತಿ ದೀಪಾವಳಿಗೂ ಬೂಷ್ಟಿಗೆ ಹೊಸ ಬಟ್ಟೆ ಉಡಿಸಿದಂತಾಗುತ್ತದೆ.